ಹಳೆಯ ಮಾಡನ್ನು ಕಳಚುವ ಮುನ್ನ

ಶಿವರಾತ್ರಿ ಕಳೆದು ಯುಗಾದಿ ಸಮೀಪಿಸುವ ಹೊತ್ತಿಗೆ ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಊರೂರುಗಳಲ್ಲಿ ಒಂದು ಕೆಲಸ ಆರಂಭವಾಗುತ್ತದೆ. ಅಡಿಕೆಯ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿರುತ್ತದೆ. ಮಳೆಗಾಲಕ್ಕೆ ಇನ್ನೂ ಎರಡು ಮೂರು ತಿಂಗಳ ಅವಕಾಶವಿರುತ್ತದೆ. ಆಗ ಮನೆಯ ಯಜಮಾನರ ದೃಷ್ಟಿ ಮೇಲಕ್ಕೆ ಹರಿಯುತ್ತದೆ. ಸೋರುವ ಮಾಡು, ಗೆದ್ದಲು ತಿಂದ ಪಕಾಸಿ, ಮಂಗಗಳು ಒಡೆದ ಹೆಂಚು, ಬಿರುಕು ಬಿಟ್ಟ ಸಿಮೆಂಟ್ ಶೀಟು, ಮಣ್ಣು ಉದುರುವ ಮುಚ್ಚಿಗೆ, ಇವೆಲ್ಲವನ್ನೂ ಈ ವರ್ಷ ತೆಗೆದೇಬಿಡೋಣ ಎಂಬ ತೀರ್ಮಾನವಾಗುತ್ತದೆ. ಬಡಗಿಗೆ ಹೇಳಿ ಕಳುಹಿಸುತ್ತಾರೆ, ಶೀಟಿನ ಅಂಗಡಿಯಲ್ಲಿ ದರ ವಿಚಾರಿಸುತ್ತಾರೆ. ವೈದ್ಯರನ್ನು ಮಾತ್ರ ಯಾರೂ ಕೇಳುವುದಿಲ್ಲ. ಮಾಡು ಕಳಚುವುದಕ್ಕೂ ವೈದ್ಯರಿಗೂ ಏನು ಸಂಬಂಧವೆಂದು ಹಿಂದೆ ನಾನೂ ಭಾವಿಸಿದ್ದೆ. ಆ ಭಾವನೆ ತಪ್ಪೆಂದು ನನಗೆ ತಿಳಿದದ್ದು ನನ್ನ ಮನೆಯಲ್ಲಿಯೇ, ಮತ್ತೊಬ್ಬರ ಶ್ವಾಸಕೋಶದ ವೆಚ್ಚದಲ್ಲಿ. ಆದ್ದರಿಂದ ಈ ತಿಂಗಳು ಋತುಚರ್ಯೆಯನ್ನು ಬದಿಗಿರಿಸಿ ಈ ವಿಷಯವನ್ನು ಭಕ್ತರ ಮುಂದಿಡುತ್ತಿದ್ದೇನೆ.

ಮುಚ್ಚಿಗೆಯೆಂಬ ಜಾಣ್ಮೆ

ಶೀತದೇಶಗಳಲ್ಲಿ ಮನೆಯ ಬಿಸಿ ಹೊರಹೋಗದಂತೆ ಗೋಡೆ ಮತ್ತು ಮಾಡಿನೊಳಗೆ ಗಾಜಿನ ಎಳೆಯ ಹಾಸನ್ನೋ ಬೇರೆ ಬಗೆಯ ಹೊದಿಕೆಯನ್ನೋ ತುಂಬುತ್ತಾರೆ. ನಮ್ಮ ಹಿರಿಯರು ಅದೇ ಕೆಲಸವನ್ನು ಮಣ್ಣಿನಿಂದ ಮಾಡಿದರು. ತೊಲೆಗಳ ಮೇಲೆ ಹಲಗೆ ಹಾಸಿ, ಅದರ ಮೇಲೆ ಹದವಾಗಿ ಕಲಸಿದ ಕೆಮ್ಮಣ್ಣನ್ನು ಗೇಣುದ್ದ ತುಂಬಿ ಬಡಿದು ಗಟ್ಟಿ ಮಾಡಿದ ಮುಚ್ಚಿಗೆ ಬೇಸಿಗೆಯಲ್ಲಿ ತಂಪನ್ನೂ ಮಳೆಗಾಲದಲ್ಲಿ ಬೆಚ್ಚನೆಯನ್ನೂ ಕೊಡುತ್ತಿತ್ತು. ಮಾಡಿಗೆ ಅಡಿಕೆ ಸೋಗೆಯನ್ನೋ ಹುಲ್ಲನ್ನೋ ಹೊದೆಸುತ್ತಿದ್ದ ಕಾಲದಲ್ಲಿ ಬೆಂಕಿ ತಗುಲಿದರೂ ಅದು ಕೆಳಗಿನ ಕೋಣೆಗೆ ಇಳಿಯದಂತೆ ತಡೆಯುತ್ತಿದ್ದುದೂ ಈ ಮಣ್ಣೇ. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ಮೇಲೆ ಘಟ್ಟದ ಮೇಲಿನ ಅನುಕೂಲಸ್ಥರ ಮನೆಗಳಿಗೂ ಕ್ರಮೇಣ ಹೆಂಚು ಬಂದಿತು. ಆದರೂ ಮುಚ್ಚಿಗೆ ಹಾಗೆಯೇ ಉಳಿಯಿತು.

ಹೆಂಚಿನ ಮಾಡಿಗೆ ಪ್ರತಿ ಬೇಸಿಗೆಯಲ್ಲಿ ಕೈಯಾಡಿಸಬೇಕು. ಹೆಂಚು ಕೈಯಾಡಿಸಬಲ್ಲ ಆಳುಗಳು ಇಂದು ವಿರಳ. ಮಂಗಗಳ ಹಾವಳಿಯಂತೂ ಹೇಳತೀರದು. ಒಂದು ಹಿಂಡು ಒಮ್ಮೆ ಮಾಡಿನ ಮೇಲೆ ಹಾಯ್ದು ಹೋದರೆ ಹತ್ತಾರು ಹೆಂಚುಗಳು ಹೋಳಾಗುತ್ತವೆ. ಹೀಗಾಗಿ ಕೊಟ್ಟಿಗೆಗೆ, ಅಡಿಕೆ ಬೇಯಿಸುವ ಮನೆಗೆ, ಸೌದೆ ಕೊಟ್ಟಿಗೆಗೆ ಮೊದಲು ಸಿಮೆಂಟ್ ಶೀಟು ಬಂದಿತು. ಈಗ ಬಣ್ಣದ ತಗಡಿನ ಶೀಟು ಬರುತ್ತಿದೆ. ತಗಡಿನ ಕೆಳಗೆ ಬೇಸಿಗೆಯ ಸೆಕೆ ತಡೆಯಲಾರದಾದಾಗ ಥರ್ಮಾಕೋಲಿನ ಹಾಸು, ಬೆಳ್ಳಿಬಣ್ಣದ ಹಾಳೆ, ಗಾಜಿನ ಹತ್ತಿ ಇವೆಲ್ಲ ಪೇಟೆಯಿಂದ ಬರುತ್ತವೆ. ಐದಾರು ವರ್ಷಗಳಲ್ಲಿ ಇಲಿಗಳು ಅವುಗಳನ್ನು ಕಡಿದು ಗೂಡು ಕಟ್ಟುತ್ತವೆ. ಮತ್ತೆ ಅವನ್ನೂ ತೆಗೆಯುವ ಕೆಲಸ ಬರುತ್ತದೆ. ಒಟ್ಟಿನಲ್ಲಿ ನಾಲ್ಕು ತಲೆಮಾರುಗಳ ಹೊದಿಕೆಗಳನ್ನು ನಾವು ಒಂದೇ ಕಾಲದಲ್ಲಿ ಕೀಳುತ್ತಿದ್ದೇವೆ. ಪ್ರತಿಯೊಂದರ ಅಪಾಯವೂ ಬೇರೆ ಬೇರೆ ಎಂಬುದನ್ನು ಮಾತ್ರ ಅರಿತಿಲ್ಲ.

ನನ್ನ ಮನೆಯಲ್ಲಿ ನಡೆದದ್ದು

ಇದು ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ನಮ್ಮ ಅಜ್ಜನ ಕಾಲದ ಮನೆಯ ಒಂದು ಪಕ್ಕದ ಮುಚ್ಚಿಗೆ ಸೋರಿಕೆಯಿಂದ ಕುಸಿಯತೊಡಗಿತ್ತು. ಅದರ ಮೇಲೆ ಎಂದೋ ಪೇರಿಸಿಟ್ಟ ಭತ್ತದ ಹುಲ್ಲು, ಸೋಗೆ, ಹರಿದ ಗೋಣಿಚೀಲಗಳು ನೆನೆದು, ಒಣಗಿ, ಮತ್ತೆ ನೆನೆದು ಬೂಸಲು ಹಿಡಿದಿದ್ದವು. ಅದನ್ನು ತೆಗೆಯಲು ನೆರೆಯ ಹಳ್ಳಿಯಿಂದ ಇಬ್ಬರು ಬಂದರು. ನಾನು ಜಗಲಿಯಲ್ಲಿ ಕುಳಿತು ರೋಗಿಗಳನ್ನು ನೋಡುತ್ತಿದ್ದೆ. ಒಳಗಿನಿಂದ ಧೂಳು ಹೊಗೆಯಂತೆ ಏಳುತ್ತಿತ್ತು. ಅವರಿಬ್ಬರೂ ಬೈರಾಸನ್ನು ಮುಖಕ್ಕೆ ಸುತ್ತಿಕೊಂಡಿದ್ದರು. ಮಧ್ಯಾಹ್ನ ಬೆಲ್ಲ ಕೊಟ್ಟೆವು, ಸಂಜೆ ಶುಂಠಿ ಕಷಾಯ ಕೊಟ್ಟೆವು. ಅಷ್ಟರಿಂದ ನನ್ನ ಕರ್ತವ್ಯ ಮುಗಿಯಿತೆಂದುಕೊಂಡೆ.

ಗುರುವಾರ ಕೆಲಸ ಆರಂಭವಾಯಿತು. ಅಂದು ರಾತ್ರಿ ಇಬ್ಬರಲ್ಲಿ ಹಿರಿಯನಿಗೆ ಚಳಿ, ಜ್ವರ, ಎದೆ ಬಿಗಿತ, ಒಣಕೆಮ್ಮು. ಬೆಳಗಾಗುವಷ್ಟರಲ್ಲಿ ಇಳಿದಿತ್ತು, ಮತ್ತೆ ಕೆಲಸಕ್ಕೆ ಬಂದರು. ಶುಕ್ರವಾರ ರಾತ್ರಿ, ಶನಿವಾರ ರಾತ್ರಿ ಹಾಗೆಯೇ ಆಯಿತು. ಬೇಸಿಗೆಯ ನೆಗಡಿಯೆಂದು ತಿಳಿದು ನಾನು ತ್ರಿಭುವನಕೀರ್ತಿ ಮಾತ್ರೆಯನ್ನೂ ಅಮೃತಾರಿಷ್ಟವನ್ನೂ ಕೊಟ್ಟೆ. ಭಾನುವಾರ ಕೆಲಸವಿರಲಿಲ್ಲ. ಸೋಮವಾರ ರಾತ್ರಿ ಜ್ವರ ಮೊದಲಿಗಿಂತ ಜೋರಾಗಿ ಬಂದಿತು. ಮಂಗಳವಾರ ಬೆಳಿಗ್ಗೆ ಅವರು ನನ್ನ ಮುಂದೆ ಕುಳಿತು, ಏದುಸಿರಿನ ನಡುವೆ, "ಡಾಕ್ಟ್ರೇ, ಭಾನುವಾರ ಒಂದಿನ ಮಾತ್ರ ಜ್ವರ ಬರಲಿಲ್ಲ ನೋಡಿ" ಎಂದರು.

ರೋಗನಿದಾನವನ್ನು ವೈದ್ಯನಿಗೆ ರೋಗಿಯೇ ಹೇಳಿಕೊಟ್ಟ ಕ್ಷಣವದು. ಕೆಲಸ ಮಾಡಿದ ದಿನ ಜ್ವರ, ಬಿಟ್ಟ ದಿನ ಇಲ್ಲ. ಧೂಳು ಕುಡಿದ ಐದಾರು ಗಂಟೆಗಳ ಮೇಲೆ ಚಳಿ, ಉಬ್ಬಸ. ಇದು ನೆಗಡಿಯಲ್ಲ, ಬೂಸಲು ಹಿಡಿದ ಹುಲ್ಲಿನ ಧೂಳಿಗೆ ಶ್ವಾಸಕೋಶವೇ ಕೆರಳಿ ಉರಿಯೇಳುವ ಕಾಯಿಲೆ. ಪಾಶ್ಚಾತ್ಯ ವೈದ್ಯದಲ್ಲಿ ಇದನ್ನು ರೈತನ ಶ್ವಾಸಕೋಶವೆಂದೇ ಕರೆಯುತ್ತಾರೆ. ಕೂಡಲೇ ಕೆಲಸ ನಿಲ್ಲಿಸಿ ಅವರನ್ನು ಶಿವಮೊಗ್ಗದ ಶ್ವಾಸಕೋಶತಜ್ಞರೊಬ್ಬರ ಬಳಿಗೆ ಕರೆದೊಯ್ದೆ. ಅವರೂ ಅದನ್ನೇ ಹೇಳಿದರು. ಜ್ವರ ನಿಂತಿತು, ಜೀವ ಉಳಿಯಿತು. ಆದರೆ ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ಗುಡ್ಡ ಹತ್ತುತ್ತಿದ್ದ ಆ ಮನುಷ್ಯ ಅನಂತರ ಬರಿಗೈಯಲ್ಲಿ ಹತ್ತುವಾಗಲೂ ಮೂರು ಕಡೆ ನಿಲ್ಲಬೇಕಾಯಿತು. ಮೊದಲ ರಾತ್ರಿಯೇ ನಾನು "ಇಂದು ಏನು ಕೆಲಸ ಮಾಡಿದಿರಿ?" ಎಂದು ಕೇಳಿದ್ದರೆ ಮೂರು ದಿನಗಳ ಧೂಳು ಅವರ ಎದೆಗೆ ಹೋಗುತ್ತಿರಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಕೆಲಸ ನಡೆದದ್ದು ನನ್ನ ಕಣ್ಣೆದುರಿಗೇ.

ಚರಕಸಂಹಿತೆಯ ಚಿಕಿತ್ಸಾಸ್ಥಾನದ 17ನೆಯ ಅಧ್ಯಾಯವು ಬಿಕ್ಕಳಿಕೆ ಮತ್ತು ಶ್ವಾಸರೋಗಗಳನ್ನು ಕುರಿತದ್ದು. ಅಲ್ಲಿ ಕಾರಣಗಳನ್ನು ಹೇಳುವಾಗ ಧೂಳು, ಹೊಗೆ, ಗಾಳಿ ಎಂಬ ಮೂರನ್ನು ಆರಂಭದಲ್ಲಿಯೇ ಹೆಸರಿಸಲಾಗಿದೆ. ಅದನ್ನು ನಾನು ವಿದ್ಯಾರ್ಥಿದೆಸೆಯಲ್ಲಿ ಬಾಯಿಪಾಠ ಮಾಡಿದ್ದೆ. ಬಾಯಿಪಾಠವಾದದ್ದು ಕಣ್ಣಿಗೆ ಇಳಿದಿರಲಿಲ್ಲ.

ಅಟ್ಟದ ಧೂಳಿನಲ್ಲಿ ಏನಿದೆ?

ಧೂಳು ಎಂದರೆ ಬರಿಯ ಮಣ್ಣೆಂದು ತಿಳಿಯಬಾರದು. ಹಳೆಯ ಅಟ್ಟದಲ್ಲಿ ಬೂಸಲಿನ ಬೀಜಕಣಗಳಿರುತ್ತವೆ. ಬಾವಲಿ, ಪಾರಿವಾಳಗಳ ಹಿಕ್ಕೆ ಪದರವಾಗಿ ಕುಳಿತಿರುತ್ತದೆ. ಅಂಥ ಹಿಕ್ಕೆ ಬೆರೆತ ಮಣ್ಣಿನಲ್ಲಿ ಬೆಳೆಯುವ ಕೆಲವು ಶಿಲೀಂಧ್ರಗಳು ಉಸಿರಿನೊಡನೆ ಒಳಹೊಕ್ಕು ಶ್ವಾಸಕೋಶದ ಸೋಂಕನ್ನುಂಟುಮಾಡಬಲ್ಲವು. ಇಲಿಯ ಮೂತ್ರವಿರುತ್ತದೆ. ಇಲಿಜ್ವರದ ಸೂಕ್ಷ್ಮಾಣು ಸಂಪೂರ್ಣ ಒಣಗಿದ ಕಡೆ ಹೆಚ್ಚು ಕಾಲ ಬದುಕದಿದ್ದರೂ ಸೋರಿ ತೇವವಾದ ಮೂಲೆಯಲ್ಲಿ, ಕೊಟ್ಟಿಗೆಯ ಕೆಸರಿನಲ್ಲಿ ಉಳಿದುಕೊಂಡು ಕೈಕಾಲಿನ ಗಾಯದ ಮೂಲಕ ಮೈಸೇರುತ್ತದೆ. ಅಡುಗೆಮನೆಯ ಅಟ್ಟದಲ್ಲಿ ದಶಕಗಳ ಇಲ್ಲಣ ಜೋತಾಡುತ್ತಿರುತ್ತದೆ. ಹೊಗೆಗೂಡುಗಳ ಮಸಿ ತೆಗೆಯುತ್ತಿದ್ದ ಕೆಲಸಗಾರರಿಗೆ ಆ ಮಸಿಯಿಂದಲೇ ಅರ್ಬುದ ಬರುತ್ತದೆಂದು ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲಿಯೇ ಬರೆದಿದ್ದರು.

ಇನ್ನೊಂದು ವಸ್ತುವನ್ನು ನಾವು ಮರೆತೇಬಿಟ್ಟಿದ್ದೇವೆ. ಗೆದ್ದಲು, ತಿಗಣೆ, ಇರುವೆಗಳಿಗೆಂದು ಒಂದು ಕಾಲದಲ್ಲಿ ಮನೆಮನೆಗಳಲ್ಲಿ ಗಮಾಕ್ಸಿನ್ ಪುಡಿಯನ್ನು ಎರಚುತ್ತಿದ್ದೆವು. ಬಿ.ಎಚ್.ಸಿ. ಎಂಬ ಆ ಕೀಟನಾಶಕವನ್ನು ನಮ್ಮ ದೇಶದಲ್ಲಿ 1997ರಲ್ಲಿ ನಿಷೇಧಿಸಲಾಯಿತು. ಸುಲಭವಾಗಿ ಕರಗಿ ಹೋಗುವ ವಸ್ತು ಅದಲ್ಲ. ಅಜ್ಜ ಎರಚಿದ್ದನ್ನು ಮೊಮ್ಮಗ ಗುದ್ದಲಿಯಿಂದ ಎಬ್ಬಿಸಿ ಉಸಿರಾಡುವ ಸಂಭವವಿದೆ. ನಿಮ್ಮ ಮನೆಯ ಅಟ್ಟಕ್ಕೆ ಹಿಂದೆ ಏನನ್ನು ಎರಚಿದ್ದರೆಂಬುದನ್ನು ಕೆಲಸ ಆರಂಭಿಸುವ ಮೊದಲು ಮನೆಯ ಹಿರಿಯರನ್ನು ಕೇಳಿ ತಿಳಿಯಿರಿ. ಅಂಥ ಮಣ್ಣನ್ನು ತರಕಾರಿ ಪಾತಿಗೆ, ಬಾವಿಯ ಬದಿಗೆ ಹಾಕಲೇಬಾರದು.

ಸಿಮೆಂಟ್ ಶೀಟೆಂಬ ಕಲ್ನಾರು

ನಮ್ಮಲ್ಲಿ ಇದನ್ನು ಎಲ್ಲರೂ ಸಿಮೆಂಟ್ ಶೀಟೆಂದೇ ಕರೆಯುವುದು. ಆ ಹೆಸರೇ ಅರ್ಧ ಅಪಾಯಕ್ಕೆ ಕಾರಣ. ಬೂದುಬಣ್ಣದ, ಅಲೆಅಲೆಯಾದ ಆ ಹಳೆಯ ಶೀಟಿನಲ್ಲಿ ಸಿಮೆಂಟಿನ ಜೊತೆಗೆ ಸುಮಾರು ಹತ್ತರಲ್ಲೊಂದು ಪಾಲು ಆಸ್ಬೆಸ್ಟಾಸ್ ಇರುತ್ತದೆ. ಕನ್ನಡದಲ್ಲಿ ಅದಕ್ಕೆ ಕಲ್ನಾರು ಎಂಬ ಸೊಗಸಾದ ಹೆಸರಿದೆ. ಕಲ್ಲೇ ನಾರಾಗಿರುವ ಖನಿಜವದು. ಬೆಂಕಿಗೆ ಸುಡದು, ನೀರಿಗೆ ಕೊಳೆಯದು. ಯಾವ ಗುಣಕ್ಕಾಗಿ ಅದನ್ನು ಮಾಡಿಗೆ ಹಾಕಿದೆವೋ ಅದೇ ಗುಣ ಶ್ವಾಸಕೋಶದಲ್ಲಿ ಶಾಪವಾಗುತ್ತದೆ. ಒಳಗೆ ಹೋದ ಸೂಕ್ಷ್ಮ ಎಳೆ ಅಲ್ಲಿಯೂ ಕೊಳೆಯುವುದಿಲ್ಲ. ಅದರಿಂದ ಶ್ವಾಸಕೋಶ ಗಡುಸಾಗುವ ರೋಗ, ಶ್ವಾಸಕೋಶದ ಅರ್ಬುದ, ಪುಪ್ಪುಸವನ್ನು ಹೊದ್ದಿರುವ ಪೊರೆಯ ಅರ್ಬುದ ಬರುತ್ತವೆ. ರೋಗ ಕಾಣಿಸಿಕೊಳ್ಳುವುದು ಇಪ್ಪತ್ತು, ಮೂವತ್ತು, ನಲವತ್ತು ವರ್ಷಗಳ ಮೇಲೆ. ಬೀಡಿ ಸೇದುವವರಲ್ಲಿ ಶ್ವಾಸಕೋಶದ ಅರ್ಬುದದ ಸಂಭವ ಹಲವು ಪಟ್ಟು ಹೆಚ್ಚುತ್ತದೆ. ಕೆಲಸದ ಸ್ಥಳದಲ್ಲಿ ಕಲ್ನಾರಿನ ಸಂಪರ್ಕದಿಂದ ಪ್ರಪಂಚದಲ್ಲಿ ವರ್ಷಕ್ಕೆ 2 ಲಕ್ಷಕ್ಕಿಂತ ಹೆಚ್ಚು ಜನ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಲ್ಲ ಬಗೆಯ ಕಲ್ನಾರೂ ಅರ್ಬುದಕಾರಕವೆಂಬುದು ಅದರ ಸ್ಪಷ್ಟ ನಿಲುವು.

ಬ್ರಿಟನ್ 1999ರಲ್ಲಿ, ಐರೋಪ್ಯ ಒಕ್ಕೂಟದ ದೇಶಗಳು 2005ರ ಹೊತ್ತಿಗೆ ಇದನ್ನು ನಿಷೇಧಿಸಿದವು. ನಮ್ಮ ದೇಶದಲ್ಲಿ ಬಿಳಿ ಕಲ್ನಾರಿನ ಬಳಕೆಗೆ ಸಂಪೂರ್ಣ ನಿಷೇಧವಿಲ್ಲ. ಆದರೆ 1995ರಲ್ಲಿಯೇ ನಮ್ಮ ಸರ್ವೋಚ್ಚ ನ್ಯಾಯಾಲಯವು ಕಲ್ನಾರು ಕಾರ್ಖಾನೆಗಳ ಕಾರ್ಮಿಕರ ಆರೋಗ್ಯದ ದಾಖಲೆಯನ್ನು ಅವರು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ, ಅಥವಾ ನಿವೃತ್ತಿಯಾಗಿ 15 ವರ್ಷ, ಇವೆರಡರಲ್ಲಿ ಯಾವುದು ಹೆಚ್ಚೋ ಅಲ್ಲಿಯವರೆಗೆ ಕಾಪಾಡಬೇಕೆಂದು ಆದೇಶಿಸಿತು. ಕಾರ್ಖಾನೆಯವನಿಗೆ ಈ ಆದೇಶದ ರಕ್ಷಣೆಯುಂಟು. ನಮ್ಮ ಕೊಟ್ಟಿಗೆಯ ಮಾಡಿನ ಮೇಲೆ ಹತ್ತಿ ಅದೇ ಶೀಟನ್ನು ಸುತ್ತಿಗೆಯಿಂದ ಒಡೆಯುವವನಿಗೆ ಯಾವ ದಾಖಲೆಯಿದೆ?

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು, ಇಲ್ಲದಿದ್ದರೆ ಓದಿದವರು ಭಯಗೊಳ್ಳಬಹುದು. ಗಟ್ಟಿಯಾಗಿರುವ ಶೀಟಿನ ಕೆಳಗೆ ವಾಸಿಸಿದ ಮಾತ್ರಕ್ಕೆ ರೋಗ ಬರುವುದಿಲ್ಲ. ಎಳೆಗಳು ಸಿಮೆಂಟಿನಲ್ಲಿ ಬಂಧಿತವಾಗಿರುತ್ತವೆ. ಅಪಾಯ ಹುಟ್ಟುವುದು ಅದನ್ನು ಒಡೆದಾಗ, ಗರಗಸದಿಂದ ಕೊಯ್ದಾಗ, ತೂತು ಕೊರೆದಾಗ, ಹಾವಸೆ ತೆಗೆಯಲೆಂದು ತಂತಿ ಬ್ರಷ್ಷಿನಿಂದ ತಿಕ್ಕಿದಾಗ, ಹಾಗೂ ಮಳೆಬಿಸಿಲಿಗೆ ಸವೆದು ಅಂಚುಗಳು ಪುಡಿಯಾದಾಗ.

ಬೆಲ್ಲ, ಬೈರಾಸು, ಕಷಾಯ

ಧೂಳಿನ ಕೆಲಸ ಮಾಡಿದವರು ಬೆಲ್ಲ ತಿಂದರೆ ಧೂಳು ಇಳಿದುಹೋಗುತ್ತದೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಬೆಲ್ಲ ಹೋಗುವುದು ಅನ್ನನಾಳಕ್ಕೆ, ಧೂಳು ಹೋಗುವುದು ಶ್ವಾಸನಾಳಕ್ಕೆ. ಗಂಟಲಿನ ಕೆರೆತ ತಗ್ಗಿ ದಣಿದವನಿಗೆ ಬಲ ಬಂದೀತು, ಅಷ್ಟೆ. ಬೈರಾಸಿನ ನೇಯ್ಗೆಯ ಕಿಂಡಿಗಳು ಕಲ್ನಾರಿನ ಎಳೆಗೆ, ಬೂಸಲಿನ ಕಣಕ್ಕೆ ಊರಬಾಗಿಲಿದ್ದಂತೆ.

ಆಯುರ್ವೇದದ ವೈದ್ಯನಾಗಿಯೇ ಮುಂದಿನ ಮಾತನ್ನು ಹೇಳುತ್ತಿದ್ದೇನೆ. ಶ್ವಾಸಕೋಶದಲ್ಲಿ ನಾಟಿದ ಕಲ್ನಾರಿನ ಎಳೆಯನ್ನು ಹೊರತೆಗೆಯುವ ಕಷಾಯವಾಗಲಿ, ಲೇಹ್ಯವಾಗಲಿ, ಭಸ್ಮವಾಗಲಿ ನಮ್ಮಲ್ಲಿ ಇಲ್ಲ. ಅಲೋಪತಿಯಲ್ಲಿಯೂ ಇಲ್ಲ. ಇದೆಯೆಂದು ಹೇಳಿ ಔಷಧ ಮಾರುವವರನ್ನು ನಂಬಬೇಡಿರಿ. ನಮ್ಮ ಶಾಸ್ತ್ರದ ಮೊದಲ ಚಿಕಿತ್ಸೆ ನಿದಾನಪರಿವರ್ಜನ, ಎಂದರೆ ರೋಗಕ್ಕೆ ಕಾರಣವಾದುದನ್ನೇ ದೂರವಿಡುವುದು. ಉಳಿದ ರೋಗಗಳಲ್ಲಿ ಅದು ಮೊದಲ ಚಿಕಿತ್ಸೆ. ಇಲ್ಲಿ ಅದೊಂದೇ ಚಿಕಿತ್ಸೆ. ಜ್ಯೇಷ್ಠಮಧು, ಶುಂಠಿ, ತುಳಸಿಗಳು ಗಂಟಲಿಗೆ ಹಿತ. ಮೂಗಿನ ಹೊಳ್ಳೆಗಳಿಗೆ ಎಣ್ಣೆ ಸವರಿದರೆ ದಪ್ಪ ಧೂಳಿಗೆ ಕೊಂಚ ತಡೆಯಾದೀತು. ಇವೆಲ್ಲ ಮುಖಗವಸಿಗೆ ಜೊತೆಯಾಗಬಹುದೇ ಹೊರತು ಅದಕ್ಕೆ ಬದಲಾಗಲಾರವು.

ತೆಗೆಯಲೇಬೇಕೆ?

ಈ ಪ್ರಶ್ನೆಯನ್ನು ಯಾರೂ ಮೊದಲು ಕೇಳಿಕೊಳ್ಳುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ನಾವು ಕೀಳುತ್ತಿರುವುದರಲ್ಲಿ ಬಹುಪಾಲನ್ನು ಕೀಳಬೇಕಾದ ಅವಶ್ಯಕತೆಯಿಲ್ಲ. ತೊಲೆ, ಹಲಗೆ ಗಟ್ಟಿಯಿದ್ದು ಮಣ್ಣು ಒಣಗಿದ್ದರೆ ಮುಚ್ಚಿಗೆಯನ್ನು ಮುಟ್ಟಬೇಡಿರಿ. ಮೇಲಿನ ಸೋರಿಕೆಯನ್ನು ಸರಿಪಡಿಸಿ, ಕಸವನ್ನು ಎಚ್ಚರದಿಂದ ತೆಗೆದು, ಇಲಿ ಬಾವಲಿ ನುಗ್ಗುವ ಕಿಂಡಿಗಳಿಗೆ ಜಾಲರಿ ಹಾಕಿಸಿರಿ. ಬಾವಲಿಗಳನ್ನು ಕೊಲ್ಲಬೇಡಿರಿ, ಸೊಳ್ಳೆ ಹುಳುಗಳನ್ನು ತಿನ್ನುವ ಉಪಕಾರಿಗಳವು. ಅವು ಸಂಜೆ ಹಾರಿಹೋದ ಮೇಲೆ, ಒಳಗೆ ಮರಿಗಳಿಲ್ಲವೆಂದು ಖಚಿತಪಡಿಸಿಕೊಂಡು ಕಿಂಡಿ ಮುಚ್ಚಿದರೆ ಸಾಕು. ಮಣ್ಣಿನ ಮುಚ್ಚಿಗೆಯನ್ನು ಕಿತ್ತೆಸೆದು ತಗಡು ಹಾಕಿ, ಆಮೇಲೆ ಥರ್ಮಾಕೋಲು ಹೊದೆಸಿ, ಅದೂ ಸಾಲದೆಂದು ಎರಡು ಫ್ಯಾನು ತಿರುಗಿಸುವವರನ್ನು ಕಂಡಾಗ ತಂಪನ್ನು ಹೊರಗೆಸೆದು ಸೆಕೆಯನ್ನು ಹಣ ಕೊಟ್ಟು ಕೊಂಡರಲ್ಲಾ ಎನಿಸುತ್ತದೆ.

ಕಲ್ನಾರು ಶೀಟಿನ ವಿಷಯದಲ್ಲಿಯೂ ಅಷ್ಟೆ. ಗಟ್ಟಿಯಿದ್ದರೆ ಹಾಗೆಯೇ ಇರಲಿ. ಉಜ್ಜದೆ, ತಿಕ್ಕದೆ ಒಳ್ಳೆಯ ಬಣ್ಣದ ಲೇಪ ಕೊಡಿಸಿದರೆ ಸವೆತ ತಗ್ಗುತ್ತದೆ. ಒಡೆದು ಪುಡಿಯಾಗುತ್ತಿದ್ದರೆ ಮಾತ್ರ ತೆಗೆಸಿರಿ.

ತೆಗೆಯುವುದಾದರೆ

ಮೊಟ್ಟಮೊದಲ ಅಪಾಯ ಧೂಳಲ್ಲ, ಬೀಳುವುದು. ಹಳೆಯ ಶೀಟು ಮನುಷ್ಯನ ಭಾರವನ್ನು ತಡೆಯದು. ನೋಡಲು ಕಲ್ಲಿನಂತಿದ್ದರೂ ಕಾಲಿಟ್ಟರೆ ಹಪ್ಪಳದಂತೆ ಮುರಿಯುತ್ತದೆ. ಶೀಟಿನ ಮೇಲೆ ನಡೆಯಗೊಡಬೇಡಿರಿ. ಸಾಧ್ಯವಾದ ಮಟ್ಟಿಗೆ ಕೆಳಗಿನಿಂದ ಅಟ್ಟಣಿಗೆ ಕಟ್ಟಿ ಬಿಚ್ಚಿಸಿರಿ. ಮೇಲೆ ಹತ್ತಲೇಬೇಕಾದರೆ ಅಡ್ಡತೊಲೆಗಳ ಮೇಲೆ ಉದ್ದದ ಹಲಗೆ ಹಾಸಿ, ಸೊಂಟಕ್ಕೆ ಹಗ್ಗ ಬಿಗಿದು ಹತ್ತಬೇಕು.

ಮನೆಯೊಳಗಿನ ಆಹಾರ, ಹಾಸಿಗೆ, ಬಟ್ಟೆಗಳನ್ನು ಮೊದಲೇ ತೆರವು ಮಾಡಿರಿ. ಮಕ್ಕಳು, ಬಸುರಿಯರು, ಉಬ್ಬಸವುಳ್ಳವರು, ವೃದ್ಧರು ಆ ದಿನಗಳಲ್ಲಿ ಬೇರೆಡೆ ಇರಲಿ. ದನಗಳನ್ನು ಕೊಟ್ಟಿಗೆಯಿಂದ ಹೊರಗೆ ಕಟ್ಟಿ, ಬಾವಿಗೆ ಹೊದಿಕೆ ಹಾಕಿರಿ.

ಒಣಗಿದ್ದನ್ನು ಒಣಗಿದಂತೆಯೇ ಕೀಳಬೇಡಿರಿ. ಔಷಧ ಸಿಂಪಡಿಸುವ ಪಂಪಾದರೆ ಅದರಲ್ಲಿ ಕೀಟನಾಶಕದ ಅಂಶ ಉಳಿದಿರುತ್ತದೆ. ಈ ಕೆಲಸಕ್ಕೆ ಹೊಸ ಪಂಪನ್ನೇ ಇಟ್ಟುಕೊಂಡು ಮಂಜಿನಂತೆ ನೀರು ಹೊಡೆದು ತೇವ ಮಾಡಿಕೊಂಡು ತೆಗೆಯಬೇಕು. ಆದರೆ ಮಣ್ಣಿನ ಮುಚ್ಚಿಗೆಗೆ ಕೊಡದಿಂದ ನೀರು ಸುರಿಯಬಾರದು. ನೆನೆದ ಮಣ್ಣಿನ ಭಾರಕ್ಕೆ ಗೆದ್ದಲು ಹಿಡಿದ ತೊಲೆ ಮುರಿದು ಕೆಳಗಿದ್ದವರ ಮೇಲೆ ಬಿದ್ದೀತು. ನೀರು ಹೊಡೆಯುವ ಮೊದಲು ವಿದ್ಯುತ್ತಿನ ಮುಖ್ಯ ಗುಂಡಿಯನ್ನು ಆರಿಸಿರಿ. ಕೈ ಹಾಕುವ ಮುನ್ನ ಕೋಲಿನಿಂದ ಕೆದಕಿ ನೋಡಿರಿ. ಹಾವು, ಚೇಳು, ಕಣಜಗಳಿಗೆ ಅಟ್ಟ ಪ್ರಿಯವಾದ ಸ್ಥಳ.

ಅಟ್ಟದ ಕಸಕ್ಕೆ ಎನ್-95 ಮುಖಗವಸು ಕನಿಷ್ಠ ಅವಶ್ಯ. ಕಲ್ನಾರಿಗೆ ಅದೂ ಸಾಲದು; ಪಿ-100 ಅಥವಾ ಎಫ್.ಎಫ್.ಪಿ.-3 ಎಂದು ಬರೆದಿರುವ ಗವಸು ಬೇಕು. ಗಡ್ಡವಿದ್ದರೆ ಗವಸು ಮುಖಕ್ಕೆ ಕೂರುವುದಿಲ್ಲ. ಕೈಗವಸು, ಕನ್ನಡಕ, ತೋಳು ಮುಚ್ಚುವ ಅಂಗಿ, ಬೂಟು ಇರಲಿ.

ಕಲ್ನಾರು ಶೀಟಿನ ಬೋಲ್ಟನ್ನು ಬಿಚ್ಚಿ ಇಡಿಯ ಶೀಟನ್ನು ಕೆಳಗಿಳಿಸಬೇಕು. ತುಕ್ಕು ಹಿಡಿದು ಬಿಚ್ಚದಿದ್ದರೆ ಬೋಲ್ಟನ್ನು ಕತ್ತರಿಸಿರಿ, ಶೀಟನ್ನಲ್ಲ. ಮೇಲಿನಿಂದ ಎಸೆಯಬೇಡಿರಿ. ಚೂರುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಕೂಡಿಸಿರಿ, ಪೊರಕೆ ಹಿಡಿಯಬೇಡಿರಿ. ಎಲ್ಲವನ್ನೂ ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಎರಡು ಸುತ್ತು ಸುತ್ತಿ ಕಟ್ಟಿರಿ. ಕೆಲಸದ ಬಟ್ಟೆಯನ್ನು ಅಲ್ಲಿಯೇ ಕಳಚಿ, ಮನೆಯವರ ಬಟ್ಟೆಯೊಡನೆ ಬೆರೆಸದೆ ಒಗೆಯಬೇಕು. ಕಾರ್ಖಾನೆಯ ಮುಖವನ್ನೇ ಕಾಣದ ಹೆಂಡತಿ, ಗಂಡನ ಅಂಗಿಯನ್ನು ಕೊಡವಿ ಒಗೆದುದರಿಂದಲೇ ಕಲ್ನಾರಿನ ರೋಗಕ್ಕೆ ತುತ್ತಾದ ಪ್ರಸಂಗಗಳು ವೈದ್ಯಶಾಸ್ತ್ರದಲ್ಲಿ ದಾಖಲಾಗಿವೆ.

ಗಾಜಿನ ಹತ್ತಿ ಕಲ್ನಾರಿನಷ್ಟು ಘೋರವಲ್ಲ. ಅದರ ಎಳೆ ಚರ್ಮವನ್ನು, ಕಣ್ಣನ್ನು, ಗಂಟಲನ್ನು ಚುಚ್ಚಿ ತುರಿಕೆಯುಂಟುಮಾಡುತ್ತದೆ. ತುರಿಸಿಕೊಳ್ಳದೆ ಮೊದಲು ತಣ್ಣೀರಿನಲ್ಲಿ ತೊಳೆಯಬೇಕು. ಥರ್ಮಾಕೋಲನ್ನು ಮಾತ್ರ ದಯವಿಟ್ಟು ಬಚ್ಚಲೊಲೆಗೆ ಹಾಕಬೇಡಿರಿ. ನಮ್ಮ ಕಡೆ ಬಚ್ಚಲೊಲೆಯೆಂದರೆ ಊರ ಕಸಕ್ಕೆಲ್ಲ ಸ್ಮಶಾನವಾಗಿಬಿಟ್ಟಿದೆ. ಆ ಕಪ್ಪು ಹೊಗೆಯನ್ನು ಕುಡಿಯುವವರು ಹಂಡೆಗೆ ಉರಿ ಹಾಕುವ ಹೆಂಗಸರು ಮತ್ತು ಚಳಿ ಕಾಯಿಸಲು ಕುಳಿತ ಮಕ್ಕಳು.

ಕೆಲಸದ ಬಳಿಕ ಜ್ವರ ಬಂದರೆ

ಮಾಡು ಕಳಚುವ ಕಾಲವೇ ನಮ್ಮಲ್ಲಿ ಮಂಗನ ಕಾಯಿಲೆಯ ಕಾಲವೂ ಹೌದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಈ ಜ್ವರ ನಮ್ಮ ತಾಲ್ಲೂಕುಗಳಿಗೂ ಅಪರಿಚಿತವಲ್ಲ. ಮಾಡಿನ ಕೆಲಸಕ್ಕೆಂದು ಮರ, ಬಿದಿರು, ಸೊಪ್ಪು ತರಲು ಕಾಡಿಗೆ ಹೋದವರಿಗೆ ಉಣುಗು ಕಚ್ಚಿರಬಹುದು. ಆದ್ದರಿಂದ ಒಂದೇ ಜ್ವರಕ್ಕೆ ಮೂರು ದಾರಿಗಳಿವೆ. ಕೆಲಸದ ದಿನ ಸಂಜೆ ಬಂದು ರಜೆಯ ದಿನ ಬಾರದ, ಏದುಸಿರಿನೊಡನೆ ಕೂಡಿದ ಜ್ವರವಾದರೆ ಬೂಸಲಿನ ಧೂಳನ್ನು ಶಂಕಿಸಬೇಕು. ಒಂದೆರಡು ವಾರಗಳಲ್ಲಿ ಮೀನಖಂಡದ ನೋವು, ಕೆಂಗಣ್ಣು, ಮೂತ್ರ ಹಳದಿಯಾಗುವುದು ಕಂಡರೆ ಇಲಿಜ್ವರವಿರಬಹುದು. ಕಾಡಿಗೆ ಹೋಗಿ ಬಂದ ಒಂದು ವಾರದೊಳಗೆ ಥಟ್ಟನೆ ಏರಿದ ಜ್ವರ, ತೀವ್ರ ತಲೆನೋವು, ಮೈಕೈ ನೋವು, ನಿತ್ರಾಣವಾದರೆ ಮಂಗನ ಕಾಯಿಲೆಯ ಪರೀಕ್ಷೆಯಾಗಲೇಬೇಕು.

ಈ ಮೂರರಲ್ಲಿ ಯಾವುದನ್ನೂ ಮನೆಯಲ್ಲಿ ಕಷಾಯ ಕುಡಿದು ಕಾಯುವಂತಿಲ್ಲ. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವಂತೆಯೂ ಇಲ್ಲ. ನೇರವಾಗಿ ಸರ್ಕಾರಿ ಆಸ್ಪತ್ರೆಗೆ ಹೋಗಿ, ಅವರು ಕೇಳದಿದ್ದರೂ ನೀವಾಗಿಯೇ ಹೇಳಿರಿ: ಇಂಥ ದಿನ ಇಂಥ ಹಳೆಯ ಅಟ್ಟವನ್ನು ತೆಗೆದೆ, ಇಂಥ ಕಾಡಿಗೆ ಹೋಗಿದ್ದೆ ಎಂದು. ಆ ಒಂದು ವಾಕ್ಯ ಹತ್ತು ಪರೀಕ್ಷೆಗಳಿಗೆ ಸಮ. ಹಿಂದೆ ವರ್ಷಗಟ್ಟಲೆ ಶೀಟಿನ ಕೆಲಸ ಮಾಡಿದವರು ಬೀಡಿ ಬಿಟ್ಟು, ಒಮ್ಮೆ ಎದೆಯ ಕ್ಷ-ಕಿರಣ ಪರೀಕ್ಷೆಯನ್ನೂ ಉಸಿರಿನ ಬಲದ ಪರೀಕ್ಷೆಯನ್ನೂ ಮಾಡಿಸಿಕೊಳ್ಳುವುದು ಒಳ್ಳೆಯದು.

ಹೊಣೆ ಯಾರದು?

ಒಡೆದ ಶೀಟಿನ ಚೂರುಗಳು ಕೊನೆಗೆ ಎಲ್ಲಿ ಸೇರುತ್ತವೆಂದು ನಮಗೆಲ್ಲ ಗೊತ್ತು. ಮಳೆಗಾಲದಲ್ಲಿ ಕೆಸರಾಗುವ ದಾರಿಗೆ, ತೋಟದ ಉಬ್ಬುತಗ್ಗಿಗೆ, ಹಳ್ಳದ ದಂಡೆಗೆ. ಜೀಪು ಅದರ ಮೇಲೆ ಹರಿದು ಹರಿದು ಪುಡಿ ಮಾಡುತ್ತದೆ. ಬೇಸಿಗೆಯಲ್ಲಿ ಅದೇ ಧೂಳಿನಲ್ಲಿ ಮಕ್ಕಳು ಶಾಲೆಗೆ ನಡೆಯುತ್ತಾರೆ. ತುಂಗೆ ಭದ್ರೆಯರನ್ನು ಸೇರುವ ಹಳ್ಳಗಳಿಗೆ ಇದು ಹರಿಯುತ್ತದೆ. ಒಬ್ಬೊಬ್ಬರೇ ಪರಿಹರಿಸುವ ಸಮಸ್ಯೆ ಇದಲ್ಲ. ಗ್ರಾಮ ಪಂಚಾಯಿತಿಗಳು ಇಂಥ ಶೀಟುಗಳನ್ನು ಕೂಡಿಡಲು ಒಂದೊಂದು ಸ್ಥಳವನ್ನು ಗೊತ್ತುಮಾಡಿ, ಅಲ್ಲಿಂದ ನಿಯಮದಂತೆ ವಿಲೇವಾರಿಯಾಗುವಂತೆ ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ಕೇಳಬೇಕು. ರಸ್ತೆಗೆ, ಚರಂಡಿಗೆ ಹಣ ಕೇಳುವಷ್ಟೇ ಗಟ್ಟಿಯಾಗಿ ನಾವು ಗ್ರಾಮಸಭೆಯಲ್ಲಿ ಇದನ್ನೂ ಕೇಳಬೇಕು. ಅಲ್ಲಿಯವರೆಗೆ ಸುತ್ತಿ ಕಟ್ಟಿದ ಶೀಟುಗಳನ್ನು ಒಡೆಯದೆ, ಯಾರೂ ತುಳಿಯದ ಮೂಲೆಯಲ್ಲಿ ಮುಚ್ಚಿಡುವುದೇ ಕ್ಷೇಮ.

ಆದರೆ ಪಂಚಾಯಿತಿಗಿಂತ ಮೊದಲಿನ ಹೊಣೆ ಮನೆಯ ಯಜಮಾನನದು. ಲಕ್ಷಗಟ್ಟಲೆ ಖರ್ಚು ಮಾಡಿ ಹೊಸ ಮಾಡು ಹಾಕಿಸುವವರು ಹಳೆಯದನ್ನು ತೆಗೆಯುವವನ ಮುಖಗವಸಿಗೆ ಕೆಲವು ನೂರು ರೂಪಾಯಿಗಳನ್ನು ಲೆಕ್ಕ ಹಾಕುವುದಿಲ್ಲ. "ಅವರಿಗೆ ಅಭ್ಯಾಸವಿದೆ" ಎನ್ನುತ್ತೇವೆ. ಶ್ವಾಸಕೋಶಕ್ಕೆ ಅಭ್ಯಾಸವೆಂಬುದಿಲ್ಲ. "ಅವರೇ ಗವಸು ಹಾಕಿಕೊಳ್ಳುವುದಿಲ್ಲ" ಎನ್ನುತ್ತೇವೆ. ಸೆಕೆಯಲ್ಲಿ ಗವಸು ತೊಟ್ಟು ದುಡಿಯುವುದು ನಿಜಕ್ಕೂ ಕಷ್ಟ. ಹಾಗಾದರೆ ಬೆಳಗಿನ ತಂಪಿನಲ್ಲಿ ಮಾತ್ರ ಕೆಲಸ ಮಾಡಿಸಿ, ಗಂಟೆಗೊಮ್ಮೆ ವಿಶ್ರಾಂತಿ ಕೊಟ್ಟು, ಎರಡು ದಿನದ ಕೆಲಸಕ್ಕೆ ನಾಲ್ಕು ದಿನದ ಕೂಲಿ ಕೊಡೋಣ. ಕಾಯಕವನ್ನು ಕೊಂಡಾಡುವ ಪರಂಪರೆಯವರು ನಾವು. ಕಾಯಕ ಮಾಡುವ ಕಾಯವನ್ನು ಕಾಯದಿದ್ದರೆ ಆ ಕೊಂಡಾಟಕ್ಕೆ ಏನು ಅರ್ಥ?

ಈ ಲೇಖನ ಬರೆಯಲು ಕುಳಿತಾಗ ಆ ಹಿರಿಯ ಕೆಲಸಗಾರರ ನೆನಪು ಬಂದಿತು. ಅವರು ನನ್ನ ಮೇಲೆ ಎಂದೂ ದೂರಲಿಲ್ಲ. ದಾರಿಯಲ್ಲಿ ಸಿಕ್ಕಾಗ ನಿಂತು, ಉಸಿರು ತಿರುಗಿಸಿಕೊಂಡು, ನಕ್ಕು ಮಾತನಾಡಿಸುತ್ತಿದ್ದರು. ಅವರು ಉಸಿರು ತಿರುಗಿಸಿಕೊಳ್ಳುವಷ್ಟು ಹೊತ್ತು ನಾನು ಎದುರಿಗೆ ನಿಂತು ಕಾಯಬೇಕಾಗುತ್ತಿತ್ತು. ಆ ಕಾಯುವಿಕೆ ನಿಮಗೆ ಬಾರದಿರಲಿ. ಈ ಬೇಸಿಗೆಯಲ್ಲಿ ಮಾಡಿಗೆ ಏಣಿ ಹಚ್ಚುವ ಮುನ್ನ ಏಣಿ ಹತ್ತುವವರ ಮುಖವನ್ನೊಮ್ಮೆ ನೋಡಿರಿ. ಅಲ್ಲಿ ಗವಸಿಲ್ಲದಿದ್ದರೆ ಏಣಿಯನ್ನು ಇಳಿಸಿಬಿಡಿರಿ.